ಅಡಿಕೆ ಇಟ್ಟು ತೆಗೆದ ಫೋಟೊ

ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಪೇಟೆಯಲ್ಲಿ ನನಗೊಂದು ಟೈಪಿಂಗ್ ಅಂಗಡಿ ಇದೆ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಬೆರಳು ಓಡುತ್ತದೆ. ಮದುವೆ ಕಾಗದ, ಶಾಲೆಯ ಪ್ರಶ್ನೆಪತ್ರಿಕೆ, ವಿಲೇಜ್ ಆಫೀಸಿಗೆ ಕೊಡುವ ಅರ್ಜಿ, ಎಲ್ಲವೂ ನನ್ನ ಕೈ ದಾಟಿಯೇ ಹೋಗುತ್ತವೆ. ಅಂಗಡಿಯ ಕಂಪ್ಯೂಟರ್ ಮಾತ್ರ ಬಹಳ ಹಳೆಯದು. ಅದರ ಫ್ಯಾನಿನ ಗಲಾಟೆಗೆ ಗಿರಾಕಿಗಳು ನನ್ನಲ್ಲಿ ಒಂದೇ ಮಾತನ್ನು ಎರಡೆರಡು ಸಲ ಕೇಳುತ್ತಾರೆ. ಇಂಥವನು ಇನ್ನೂ ಮಾರುಕಟ್ಟೆಗೇ ಬಾರದ ಲ್ಯಾಪ್‌ಟಾಪುಗಳ ವಿಷಯದಲ್ಲಿ ದೊಡ್ಡ ಪಂಡಿತನಾಗಿದ್ದೆ ಎಂದರೆ ನಿಮಗೆ ನಗು ಬಂದೀತು. ಆಗ ನನಗೂ ಅದೊಂದು ತಮಾಷೆಯೇ ಆಗಿತ್ತು.

ಮಧ್ಯಾಹ್ನ ಊಟವಾದ ಮೇಲೆ ಮೂರೂವರೆ ತನಕ ನಮ್ಮ ಪೇಟೆಯಲ್ಲಿ ನೊಣ ಹೊಡೆಯುವ ಹೊತ್ತು. ಆ ಹೊತ್ತಿನಲ್ಲಿ ನಾನು ಇಂಟರ್‌ನೆಟ್ಟಿನ ಒಂದು ಚರ್ಚಾಕೂಟಕ್ಕೆ ಹೋಗಿ ಕೂರುತ್ತಿದ್ದೆ. ಅಲ್ಲಿ ಎಲ್ಲೆಲ್ಲಿಯವರೋ ಸೇರಿ, ಒಂದು ದೊಡ್ಡ ಕಂಪೆನಿಯ ಬರುವ ವರ್ಷದ ಲ್ಯಾಪ್‌ಟಾಪ್ ಹೇಗಿದ್ದೀತು ಎಂದು ವಾದ ಮಾಡುತ್ತಿದ್ದರು. ಯಾವುದೋ ಕಾರ್ಖಾನೆಯಿಂದ ಒಂದು ನಕ್ಷೆ ಸೋರಿ ಬರುವುದು; ಒಬ್ಬ ಅದನ್ನು ನೋಡಿ ಬಣ್ಣದ ಚಿತ್ರ ಮಾಡುವುದು; ಉಳಿದವರು ಆ ಚಿತ್ರವನ್ನು ದೊಡ್ಡದು ಮಾಡಿ, ಮುಚ್ಚಳದ ತಿರುಗಣೆ ಹೀಗಿರುತ್ತದೆ, ಚಾರ್ಜರಿನ ತೂತು ಈ ಕಡೆಗಿರುತ್ತದೆ ಎಂದು ತಿಂಗಳುಗಟ್ಟಲೆ ಕಚ್ಚಾಡುವುದು. ಇನ್ನೂ ಹುಟ್ಟದ ಮಗುವಿನ ಮೂಗು ಯಾರ ಹಾಗೆ ಎಂದು ನೆಂಟರು ಜಗಳ ಮಾಡಿದಂತೆ.

ನನಗೆ ಅಲ್ಲಿ ಒಳ್ಳೆಯ ಹೆಸರಿತ್ತು. ಆ ಕಂಪೆನಿಯ ಒಂದು ಯಂತ್ರವನ್ನೂ ಕೈಯಲ್ಲಿ ಮುಟ್ಟಿದವನಲ್ಲ ನಾನು. ಆದರೆ ಅಕ್ಷರ ಜೋಡಿಸಿ ಜೋಡಿಸಿ ನನ್ನ ಕಣ್ಣು ಪಳಗಿದೆ. ಎರಡು ಅಕ್ಷರಗಳ ನಡುವಿನ ಜಾಗ ಕೂದಲೆಳೆಯಷ್ಟು ಹೆಚ್ಚಾದರೂ ನನಗೆ ಕಾಣುತ್ತದೆ. ಹಾಗೆಯೇ ಒಮ್ಮೆ, ಎಲ್ಲರೂ ನಂಬಿದ್ದ ಒಂದು ನಕ್ಷೆ ಖೋಟಾ ಎಂದು ಅದರ ಮೂಲೆಯ ಅಕ್ಷರಗಳನ್ನು ನೋಡಿಯೇ ಹೇಳಿದ್ದೆ. ಅಂದಿನಿಂದ ಅಲ್ಲಿ ನನ್ನ ಹೆಸರಿನ ಪಕ್ಕ ಒಂದು ನಕ್ಷತ್ರ ಕಾಣತೊಡಗಿತು. ಮನೆಯಲ್ಲಿ ಈ ಸುದ್ದಿ ಹೇಳಿದೆ. "ಅದನ್ನು ಎಂತ ಸಾಂಬಾರಿಗೆ ಹಾಕ್ಲಿಕ್ಕೆ ಆಗ್ತದಾ?" ಎಂದು ಹೆಂಡತಿ ಕೇಳಿದಳು.

ಈ ಹುಚ್ಚನ್ನು ಬೇಸರವಿಲ್ಲದೆ ಕೇಳುತ್ತಿದ್ದವನು ಒಬ್ಬನೇ. ಒಂದನೇ ಕ್ಲಾಸಿನಿಂದ ಹತ್ತನೆಯವರೆಗೆ ನನ್ನ ಬೆಂಚಿನಲ್ಲಿ ಕೂತವನು. ಮನೆ ಅಡೂರು ದಾಟಿ ದೇಲಂಪಾಡಿಯ ಕಡೆ. ಅವರ ಗುಡ್ಡ ಹತ್ತಿ ಇಳಿದರೆ ಕರ್ನಾಟಕ. ಊರಿನಲ್ಲಿ ಅವನಿಗೆ ಯಾವ ಕೆಲಸವೂ ನೆಟ್ಟಗೆ ಹತ್ತಲಿಲ್ಲ. ಜೀಪು ಬಿಟ್ಟ, ಪೈಪಿನ ಅಂಗಡಿಯಲ್ಲಿ ಕೂತ, ಪೈಂಟ್ ಮಾಡಲು ಹೋದ. ವಯಸ್ಸು ನಲವತ್ತರ ಹತ್ತಿರ ಬಂದಾಗ ಚೆನ್ನೈಯಿಂದ ಆಚೆ ಒಂದು ಪ್ಯಾಕಿಂಗ್ ಕಾರ್ಖಾನೆಯಲ್ಲಿ ಅವನಿಗೆ ಕಾಯಂ ಕೆಲಸ ಸಿಕ್ಕಿತು. ಕಾಸರಗೋಡಿನಲ್ಲಿ ರೈಲು ಹತ್ತಿಸಲು ನಾನೇ ಹೋಗಿದ್ದೆ.

ಲ್ಯಾಪ್‌ಟಾಪಿನ ಪೆಟ್ಟಿಗೆ ಬಿಚ್ಚಿದರೆ ಒಳಗೆ ರಟ್ಟಿನ ಒಂದು ತಟ್ಟೆ ಇರುತ್ತದೆಯಲ್ಲ, ಯಂತ್ರ ಅಲ್ಲಾಡದ ಹಾಗೆ ಹಿಡಿದುಕೊಳ್ಳುವುದು, ಅದನ್ನು ಮಾಡುವ ಕಾರ್ಖಾನೆ ಅದು. ತಟ್ಟೆಯ ಅಚ್ಚು ತೆಗೆಯಬೇಕಾದರೆ ಯಂತ್ರದ ಅಳತೆ ಬೇಕು. ಆದ್ದರಿಂದ ಯಂತ್ರ ಮಾರುಕಟ್ಟೆಗೆ ಬರುವ ಎಷ್ಟೋ ಮೊದಲೇ, ಒಳಗೆ ಏನೂ ಇಲ್ಲದ ಆದರೆ ಅಳತೆಯಲ್ಲಿ ತದ್ರೂಪವಾದ ಒಂದು ಡಮ್ಮಿ ಅಲ್ಲಿಗೆ ಬರುತ್ತದೆ. ಡಮ್ಮಿ ಇಡುವ ಸ್ಯಾಂಪಲ್ ರೂಮಿಗೆ ನಾಲ್ಕೇ ಜನರಿಗೆ ಪ್ರವೇಶ. ನಾಲ್ಕನೆಯ ವರ್ಷ ಅವನನ್ನು ಅಲ್ಲಿಗೆ ಹಾಕಿದರು. ಫೋನು ಒಳಗೆ ಒಯ್ಯುವಂತಿಲ್ಲ, ಹೊರಗೆ ಬಾಯಿ ಬಿಡುವಂತಿಲ್ಲ. ತನ್ನನ್ನು ನಂಬಿ ಒಂದು ಕೋಣೆಯ ಒಳಗೆ ಬಿಟ್ಟರಲ್ಲ ಎಂಬುದು ಅವನಿಗೆ ಸಂಬಳಕ್ಕಿಂತ ದೊಡ್ಡದಾಗಿತ್ತು.

ನಾನು ಪೀಡಿಸದೆ ಬಿಡುತ್ತೇನೆಯೇ? ಊಟದ ಬಿಡುವಿನಲ್ಲಿ ಅವನು ಫೋನ್ ಮಾಡಿದಾಗಲೆಲ್ಲ, ಬಂತಾ, ನೋಡಿದಿಯಾ, ಎಷ್ಟು ದಪ್ಪ ಉಂಟು ಎಂದು ಕೊರೆಯುತ್ತಿದ್ದೆ. ಅವನು ನಗುತ್ತಿದ್ದ. "ಕೇಳ್ಬೇಡ ಮಾರಾಯ. ನನ್ನ ಅನ್ನಕ್ಕೆ ಕಲ್ಲು ಹಾಕ್ಬೇಡ."

ಆ ದಿನಗಳಲ್ಲಿ ಚರ್ಚಾಕೂಟದಲ್ಲಿ ನನಗೂ ಇನ್ನೊಬ್ಬನಿಗೂ ಜಟಾಪಟಿ ನಡೆಯುತ್ತಿತ್ತು. ಬರುವ ಯಂತ್ರ ಹಿಂದಿನದಕ್ಕಿಂತ ತೆಳ್ಳಗಿರುತ್ತದೆ ಎಂದು ನಾನು. ಬ್ಯಾಟರಿ ದೊಡ್ಡದಾದ್ದರಿಂದ ದಪ್ಪವಾಗಿಯೇ ಇರಬೇಕೆಂದು ಅವನು. ಯಾವ ದೇಶದವನೋ ಏನೋ. ನಾನು ಕೇರಳದವನೆಂದು ತಿಳಿದ ಮೇಲೆ, ನಿನಗ್ಯಾಕೆ ಇದೆಲ್ಲ, ತೆಂಗಿನಕಾಯಿ ಮಾರಲು ಹೋಗು ಎಂದು ಎಲ್ಲರೆದುರು ಬರೆದ. ಹತ್ತಾರು ಜನ ಅದಕ್ಕೆ ನಗುವ ಮುಖದ ಗುರುತು ಹಾಕಿದರು. ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುವಂಥದ್ದು. ಆ ದಿನ ಒಂದು ಗೃಹಪ್ರವೇಶದ ಕಾಗದದಲ್ಲಿ ಮನೆ ಯಜಮಾನನ ಹೆಸರನ್ನೇ ತಪ್ಪು ಹೊಡೆದೆ. ಮಧ್ಯಾಹ್ನ ಗೆಳೆಯನ ಫೋನ್ ಬಂದಾಗ ಆ ಸಿಟ್ಟನ್ನೆಲ್ಲ ಅವನ ಕಿವಿಗೆ ಸುರಿದೆ. "ಬಿಡು ಮಾರಾಯ, ಅವನಿಗೆ ಎಂತ ಗೊತ್ತುಂಟು?" ಎಂದಷ್ಟೇ ಅವನು ಅಂದ.

ಮರುದಿನ ಮಧ್ಯಾಹ್ನ ನನ್ನ ಫೋನಿಗೆ ಅವನಿಂದ ಒಂದು ಫೋಟೊ ಬಂತು. ಮೇಜಿನ ಮೇಲೆ ಬೂದು ಬಣ್ಣದ ಡಮ್ಮಿ, ಮಗ್ಗುಲಿನಿಂದ ತೆಗೆದದ್ದು. ಅದಕ್ಕೆ ತಾಗಿಸಿ ಒಂದು ಚಾಲಿ ಅಡಿಕೆ, ಬಿಸಿಲಲ್ಲಿ ಒಣಗಿಸಿ ಸುಲಿದ ಇಡೀ ಅಡಿಕೆ, ಇಟ್ಟಿದ್ದ. ನಮ್ಮಲ್ಲಿ ಅಳತೆ ಹೇಳುವುದೇ ಹಾಗೆ. ಸಾರಿಗೆ ಬೆಲ್ಲ ಎಷ್ಟು ಎಂದರೆ ಅಡಿಕೆಯಷ್ಟು; ಬೆನ್ನಿನ ಕುರು ಎಷ್ಟು ದೊಡ್ಡದು ಎಂದು ಡಾಕ್ಟರು ಕೇಳಿದರೂ ಅಡಿಕೆಯಷ್ಟು. ಕೆಳಗೆ ಬರೆದಿದ್ದ: "ನೀನು ಹೇಳಿದ್ದೇ ಸರಿ. ಅಡಿಕೆಯ ಅರ್ಧಕ್ಕೂ ಇಲ್ಲ ನೋಡು. ಯಾರಿಗೂ ತೋರಿಸ್ಬೇಡ. ನೋಡಿ ಡಿಲೀಟ್ ಮಾಡು."

ಬುತ್ತಿಯ ಚೀಲದಲ್ಲಿ ಅಡಗಿಸಿ ಫೋನನ್ನು ಒಳಗೆ ಒಯ್ದಿದ್ದನಂತೆ. ನಾಲ್ಕು ವರ್ಷದಲ್ಲಿ ಅವನು ಮುರಿದ ಮೊದಲ ನಿಯಮ ಅದು, ಅದೂ ನಾನು ಸಪ್ಪಗಿದ್ದೇನೆ ಎಂದು. ಈಗ ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಆಗ ಆದದ್ದು ಸಂತೋಷ.

ಎರಡು ಗಂಟೆ ಕಾಲ ಅದನ್ನು ಇಟ್ಟುಕೊಂಡು ಕೂತೆ. ಅಷ್ಟೇ ನನ್ನ ತಾಳ್ಮೆ. ಆಮೇಲೆ ಅಂಗಡಿಯ ಕಂಪ್ಯೂಟರಿಗೆ ಹಾಕಿ, ಹಿಂದಿನ ಗೋಡೆಯನ್ನು ಕತ್ತರಿಸಿದೆ, ಮೇಜಿನ ಮೇಲಿದ್ದ ಒಂದು ಚೀಟಿಯನ್ನು ಅಳಿಸಿದೆ, ಯಾವ ಫೋನಿನಲ್ಲಿ ಎಲ್ಲಿ ತೆಗೆದದ್ದು ಎಂಬ ಗುರುತುಗಳನ್ನೆಲ್ಲ ತೆಗೆದುಹಾಕಿದೆ. ಇಂಥ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಬೇರೆ. ಅಡಿಕೆಯನ್ನೂ ಅಳಿಸಬಹುದಿತ್ತು. ಅಳಿಸಲಿಲ್ಲ. ಅದು ಪಕ್ಕದಲ್ಲಿ ಇಲ್ಲದಿದ್ದರೆ ಯಂತ್ರ ಎಷ್ಟು ತೆಳ್ಳಗಿದೆ ಎಂದು ಆ ತೆಂಗಿನಕಾಯಿಯ ಮಾತು ಆಡಿದವನಿಗೆ ತಿಳಿಯುವುದು ಹೇಗೆ? ಅವನ ಬಾಯಿ ಮುಚ್ಚಿಸಬೇಕಿತ್ತು ನನಗೆ. ಕೂಟದಲ್ಲಿ ಹಾಕಿಬಿಟ್ಟೆ.

ಬಾಯಿ ಮುಚ್ಚಿತು, ಅದೇನೋ ನಿಜ. ಮರುದಿನಕ್ಕೆ ಆ ಫೋಟೊ ಎಲ್ಲೆಲ್ಲೂ ಇತ್ತು. ಯಾರ್ಯಾರೋ ಅದರ ಮೇಲೆ ತಮ್ಮ ತಮ್ಮ ಮುದ್ರೆ ಒತ್ತಿ ಹಂಚಿದರು. ಎರಡು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಮೂರನೆಯ ದಿನ ಲ್ಯಾಪ್‌ಟಾಪಿನ ಮಾತು ಹಿಂದೆ ಬಿದ್ದು, ಪಕ್ಕದಲ್ಲಿರುವ ಕಂದು ಉಂಡೆ ಯಾವುದು ಎಂಬ ಚರ್ಚೆ ಶುರುವಾಯಿತು. ಒಬ್ಬ ಜಾಯಿಕಾಯಿ ಎಂದ. ಇನ್ನೊಬ್ಬ ಮರದ ಗುಂಡಿ ಎಂದ. ಕೊನೆಗೆ ನಮ್ಮ ಕಡೆಯವನೇ ಇರಬೇಕು, ಒಬ್ಬ ಬಂದು, ಇದು ಮಂಗಳೂರು, ಕಾಸರಗೋಡು ಕಡೆಯ ಚಾಲಿ ಅಡಿಕೆ, ಇದನ್ನು ಇಟ್ಟವನು ಆ ಕಡೆಯವನೇ ಎಂದು ಬರೆದ. ನಾನು ಅದನ್ನು ಓದಿ ಹೊಟ್ಟೆ ಹಿಡಿದು ನಕ್ಕೆ. ನಮ್ಮ ಅಡಿಕೆ ಲೋಕಪ್ರಸಿದ್ಧವಾಯಿತಲ್ಲ ಎಂದು ಚಹಾ ಕುಡಿಯುವಾಗ ಪಕ್ಕದ ಅಂಗಡಿಯವನಿಗೂ ಹೇಳಿದೆ. ಅಷ್ಟು ದಡ್ಡ ನಾನು.

ಆ ಸ್ಯಾಂಪಲ್ ರೂಮಿನಲ್ಲಿ ಉಳಿದ ಮೂವರೂ ಅಡಿಕೆ ಹಾಕಿದರೆ ಪ್ಯಾಕೆಟಿನದು. ಇಡೀ ಅಡಿಕೆಯನ್ನು ಕಿಸೆಯಲ್ಲಿಟ್ಟುಕೊಂಡು, ಊಟವಾದ ಮೇಲೆ ಕತ್ತರಿಸಿ ಎಲ್ಲರಿಗೂ ಒಂದೊಂದು ಹೋಳು ಕೊಡುತ್ತಿದ್ದವನು ಇವನೊಬ್ಬನೇ. ಅವನ ತಾಯಿ ಆರಿಸಿ ಕಟ್ಟಿಕೊಡುತ್ತಿದ್ದ ಅಡಿಕೆ. ಮ್ಯಾನೇಜರಿಗೂ ಎಷ್ಟೋ ಸಲ ಕೊಟ್ಟಿದ್ದ.

ನಾಲ್ಕನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅವನ ಫೋನ್ ಬಂತು. ಅವನು ಫೋನ್ ಮಾಡುವ ಹೊತ್ತಲ್ಲ ಅದು. ಹಿಂದೆ ಯಾರೋ ತಮಿಳಿನಲ್ಲಿ ಮಾತಾಡುತ್ತಿದ್ದರು.

"ಆ ಫೋಟೊ ನೀನು ಎಲ್ಲಿಯಾದ್ರೂ ಹಾಕಿದ್ಯಾ?"

"ಇಲ್ಲ ಮಾರಾಯ," ಎಂದೆ. ಯೋಚಿಸಿ ಹೇಳಿದ್ದಲ್ಲ. ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತು.

"ಸರಿಯಾಗಿ ಹೇಳು. ಯಾರಿಗಾದ್ರೂ ಕಳಿಸಿದ್ಯಾ?"

"ಇಲ್ಲ ಅಂದೆ ಅಲ್ವಾ. ನೀನು ಹೇಳಿದ ಹಾಗೆ ಅವತ್ತೇ ಡಿಲೀಟ್ ಮಾಡಿದ್ದೇನೆ."

"ಆಯ್ತು," ಎಂದು ಅವನು ಫೋನ್ ಇಟ್ಟ.

ನಾನು ಓಡಿಹೋಗಿ ಕೂಟದಿಂದ ಫೋಟೊ ತೆಗೆದೆ. ಪ್ರಯೋಜನವೇನು? ಅದು ಅಷ್ಟು ಹೊತ್ತಿಗೆ ಊರೂರು ಸುತ್ತಿತ್ತು. ಅಲ್ಲಿ ನಕ್ಷತ್ರ ಇದ್ದ ನನ್ನ ಹೆಸರನ್ನೂ ಅಳಿಸಿ ಹೊರಗೆ ಬಂದೆ. ಅದನ್ನು ಪಶ್ಚಾತ್ತಾಪ ಎಂದು ಆಗ ತಿಳಿದುಕೊಂಡಿದ್ದೆ. ಅದು ಬರೀ ಹೆದರಿಕೆ.

ಒಂದು ವಾರದಲ್ಲಿ ಅವನು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದ. ಮನೆಯಲ್ಲಿ, ಅಲ್ಲಿಯ ನೀರು ಒಗ್ಗಲಿಲ್ಲ ಎಂದು ಹೇಳಿದ್ದ. ಆದಿತ್ಯವಾರ ನೋಡಲು ಹೋದೆ. ಹೋಗದಿದ್ದರೆ ಅನುಮಾನ ಬಂದೀತು ಎಂಬ ಲೆಕ್ಕಾಚಾರವೂ ಅದರಲ್ಲಿತ್ತು, ಸುಳ್ಳು ಯಾಕೆ ಹೇಳಲಿ. ಅವನ ತಾಯಿ ನೀರುದೋಸೆ ಬಡಿಸಿದರು. ಅವನು ನನ್ನೆದುರು ಕೂತು ತಟ್ಟೆ ನೋಡುತ್ತಾ ತಿನ್ನುತ್ತಿದ್ದ.

"ನಾಲ್ಕು ವರ್ಷ ಒಗ್ಗಿದ ನೀರು ಈಗ ಹೇಗೆ ಒಗ್ಗದೆ ಹೋಗುದು?" ಎಂದು ತಾಯಿ ನನ್ನಲ್ಲಿ ಕೇಳಿದರು. "ಎಷ್ಟು ಒಳ್ಳೆ ಕೆಲಸ ಅದು. ನೀನಾದ್ರೂ ಹೇಳು ಮಗಾ ಅವನಿಗೆ. ನಿನ್ನ ಮಾತು ಅಂದ್ರೆ ಕೇಳ್ತಾನೆ."

"ಹೇಳ್ತೇನೆ ಅಮ್ಮ," ಎಂದೆ.

ಅವನು ತಲೆ ಎತ್ತಿ ಒಮ್ಮೆ ನನ್ನನ್ನು ನೋಡಿದ. ನಾನು ಚಟ್ನಿ ಕೇಳಿದೆ.

ಆಮೇಲೆ ಒಂದು ವರ್ಷ ನಾವು ಮೊದಲಿನ ಹಾಗೆಯೇ ಇದ್ದೆವು, ಅಥವಾ ನಾನು ಹಾಗೆ ಅಂದುಕೊಂಡೆ. ಅವನು ಪೇಟೆಗೆ ಬಂದಾಗ ಅಂಗಡಿಗೆ ಬರುತ್ತಿದ್ದ, ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದ, ಮಾತಿನ ನಡುವೆ ಒಮ್ಮೊಮ್ಮೆ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದ. ನಾನು ಕೂಡಲೇ ಬೇರೆ ಸುದ್ದಿ ತೆಗೆಯುತ್ತಿದ್ದೆ. ಈ ಸಲ ಹೇಳಿಬಿಡೋಣ ಎಂದು ಎಷ್ಟು ಸಲ ಅಂದುಕೊಂಡೆನೋ. ಗಿರಾಕಿ ಬಂದರು, ಕರೆಂಟು ಹೋಯಿತು, ಬಸ್ಸು ಬಂತು. ಹೇಳದಿರಲು ನೆಪಕ್ಕೇನು ಬರಗಾಲ?

ಕಳೆದ ತಿಂಗಳು ಅವನು ಬಯೋಡಾಟಾ ಟೈಪ್ ಮಾಡಿಸಲು ಬಂದ. ಮಂಗಳೂರಿನ ಒಂದು ಗೋಡೌನಿನಲ್ಲಿ ಸ್ಟೋರ್ ಕೀಪರ್ ಕೆಲಸ ಇದೆಯಂತೆ. ಹೆಸರು, ವಿಳಾಸ, ಹತ್ತನೆಯ ಕ್ಲಾಸಿನ ಮಾರ್ಕು, ಎಲ್ಲ ಹೊಡೆದೆ. ಪೈಪಿನ ಅಂಗಡಿ ಬಂತು, ಜೀಪು ಬಂತು. ಕಾರ್ಖಾನೆಯ ಹೆಸರು ಹೊಡೆಯಲು ಹೊರಟಾಗ ಅವನು ತಡೆದ.

"ಅದು ಬೇಡ. ಹಾಕಿದ್ರೆ ಅವರು ಅಲ್ಲಿಗೆ ಫೋನ್ ಮಾಡಿ ಕೇಳ್ತಾರೆ. ಆ ನಾಲ್ಕು ವರ್ಷಕ್ಕೆ ಮನೆಯಲ್ಲಿ ಕೃಷಿ ಅಂತ ಹಾಕು."

ಅವನ ಜೀವನದಲ್ಲಿ ಹೇಳಿಕೊಳ್ಳುವಂಥ ಕೆಲಸ ಇದ್ದದ್ದು ಆ ನಾಲ್ಕು ವರ್ಷ ಮಾತ್ರ. ನನ್ನ ಬೆರಳು ಕೀಲಿಮಣೆಯ ಮೇಲೆ ನಿಂತುಬಿಟ್ಟಿತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಆ ಫೋಟೊ ಹಾಕಿದ್ದು ನಾನು," ಎಂದೆ.

"ಗೊತ್ತುಂಟು."

"ಯಾವಾಗಿಂದ?"

"ಅವತ್ತಿಂದ. ನಿನಗೆ ಬಿಟ್ಟು ಬೇರೆ ಯಾರಿಗೂ ಕಳಿಸಿರ್ಲಿಲ್ಲ ಅಲ್ವಾ?" ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. "ನಾನು ಫೋನ್ ಮಾಡಿದ್ದು ಮ್ಯಾನೇಜರನ ರೂಮಿನಿಂದ. ಹೊರಗೆ ಹಾಕಿದ್ದು ಯಾರು ಅಂತ ಹೇಳು, ಗೊತ್ತಿಲ್ಲದೆ ಹಾಕಿದೆ ಅಂತ ಅವನ ಕೈಯಿಂದ ಒಂದು ಕಾಗದ ಬರೆಸಿ ತರಿಸು, ನಿನ್ನನ್ನು ಸ್ಯಾಂಪಲ್ ರೂಮಿನಿಂದ ತೆಗೆದು ಗೋಡೌನಿಗೆ ಹಾಕ್ತೇನೆ, ಕೆಲಸ ಹೋಗುದಿಲ್ಲ ಅಂತ ಮ್ಯಾನೇಜರ್ ಹೇಳಿದ್ದ. ಒಳ್ಳೆ ಜನ ಅವನು."

"ಮತ್ತೆ ನೀನು ನನ್ನ ಹೆಸರು ಹೇಳ್ಬೇಕಿತ್ತು ಅಲ್ವಾ?"

"ಹೇಗೆ ಹೇಳುದು?" ಎಂದ. "ನೀನು ಇಲ್ಲ ಅಂದಿ."

ತಪ್ಪಾಯಿತು ಎಂದೆ. ಅದು ಒಂದು ವರ್ಷ ಹಳೆಯದಾಗಿದ್ದ ಮಾತು. ಹೇಳುವಾಗ ನನಗೇ ಅದರಲ್ಲಿ ಏನೂ ಉಳಿದಿಲ್ಲ ಎನಿಸಿತು.

"ನೀನಾಗಿ ಹೇಳ್ತೀಯೋ ಅಂತ ಇಷ್ಟು ದಿನ ನೋಡಿದೆ," ಎಂದ ಅವನು. "ಈಗ ಎಂತ ಮಾಡ್ಲಿಕ್ಕುಂಟು? ಟೈಪ್ ಮಾಡು, ಬಸ್ಸಿಗೆ ಹೊತ್ತಾಯ್ತು."

ಮನೆಯಲ್ಲಿ ಕೃಷಿ, ನಾಲ್ಕು ವರ್ಷ ಎಂದು ಹೊಡೆದೆ. ಎರಡು ಪ್ರತಿ ತೆಗೆದುಕೊಟ್ಟೆ. ಅವನು ಮಡಚಿ ಕವರಿನಲ್ಲಿ ಹಾಕಿಕೊಂಡು ಹೊರಗೆ ಹೋದ. ಅಡೂರು ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು, ಅದು ಇಬ್ಬರಿಗೂ ಗೊತ್ತು. ಅವನು ರಸ್ತೆ ದಾಟಿ ಆಚೆ ಬದಿಯ ಬಿಸಿಲಿನಲ್ಲಿ ನಿಂತ. ಒಳಗೆ ಬಂದು ಕೂತುಕೋ ಎಂದು ಕರೆಯುವ ಮುಖ ನನಗಿರಲಿಲ್ಲ.