ಬಾಯಾರಬೇಕಾದ ಬಳ್ಳಿ

ಕಡೂರಿನಲ್ಲಿ ಕೂತು ನಾನು ಪತ್ರಿಕೆಗೆ ಕಳಿಸುವ ಸುದ್ದಿಗಳಲ್ಲಿ ಜನ ತಪ್ಪದೆ ಓದುವುದು ಮಾರುಕಟ್ಟೆ ಧಾರಣೆಯನ್ನು. ಕೊಬ್ಬರಿ, ಅಡಿಕೆ, ಈರುಳ್ಳಿ. ಆ ಸಾಲಿನಲ್ಲಿ ದ್ರಾಕ್ಷಿ ಇಲ್ಲ. ವೈನಿಗೆ ಬೆಳೆಯುವ ದ್ರಾಕ್ಷಿಗಂತೂ ಈ ಸೀಮೆಯಲ್ಲಿ ಮಾರುಕಟ್ಟೆಯೇ ಇಲ್ಲ. ಒಪ್ಪಂದ ಮಾಡಿಕೊಂಡ ಕಂಪನಿ ಕೊಂಡರೆ ಉಂಟು, ಬೇಡವೆಂದರೆ ಆ ಹಣ್ಣು ಇನ್ನಾರಿಗೂ ಬೇಡ. ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಶಿವನಿ ಸ್ಟೇಷನ್ನಿನ ಹೊರಗೆ ಬುಟ್ಟಿ ಇಟ್ಟು ಕೂತರೂ ರೈಲಿಗೆ ಬಂದವರು ಒಂದು ಕಾಳು ಬಾಯಿಗೆ ಹಾಕಿಕೊಂಡು, ಮುಖ ಹಿಂಡಿ, ಮುಂದೆ ಹೋಗುತ್ತಾರೆ.

ಇದನ್ನೆಲ್ಲ ನಾನು ತಿಳಿದದ್ದು ಅಕ್ಕನ ಹೊಲದಿಂದ. ಅಕ್ಕ, ಭಾವನ ಜಮೀನು ಶಿವನಿಯಿಂದ ಸ್ವಲ್ಪ ದೂರ. ಭಾವನ ಅಣ್ಣತಮ್ಮಂದಿರು ತಮ್ಮ ತಮ್ಮ ಪಾಲಿನಲ್ಲಿ ಅಡಿಕೆ ಹಾಕಿದಾಗ ಅಕ್ಕ ಮಾತ್ರ ದ್ರಾಕ್ಷಿ ಬಳ್ಳಿ ಇಡಿಸಿದಳು. ತಮ್ಮ ಬೋರ್‌ವೆಲ್ಲಿನ ನೀರು ಅಡಿಕೆಗೆ ಸಾಲದು, ದ್ರಾಕ್ಷಿಗೆ ಸಾಕು ಎಂಬುದು ಅವಳ ಅಂದಾಜು. ಅದು ಸರಿಯಾಗಿಯೇ ಇತ್ತು. ಸರಿಯಾಗದೆ ಹೋದದ್ದು ಕೊಳ್ಳುವವರ ಅಂದಾಜು. ಹಿಂದಿನ ವರ್ಷ ಕಂಪನಿ ಅರ್ಧ ಹಣ್ಣನ್ನು ಬಳ್ಳಿಯಲ್ಲೇ ಬಿಟ್ಟು ಹೋಗಿತ್ತು. ಈ ಸಲವೂ ಹಾಗಾದರೆ ಬಳ್ಳಿ ಕಿತ್ತು ಅಡಿಕೆ ಸಸಿ ಇಡುವುದು ಎಂದು ಭಾವ ಹೇಳಿಬಿಟ್ಟಿದ್ದರು. ಅಕ್ಕ ಎದುರಾಡಲಿಲ್ಲ. ಆದರೆ ದಿನಾ ಬೆಳಗ್ಗೆ ಸಾಲಿನ ಮಧ್ಯೆ ಒಂದು ಸುತ್ತು ಹೋಗಿಬರುವುದನ್ನೂ ಬಿಡಲಿಲ್ಲ.

ಅರ್ಧ ಹಣ್ಣು ಯಾಕೆ ಬಿಟ್ಟರು ಎಂದು ನಾನು ನಾಲ್ಕು ಕಡೆ ವಿಚಾರಿಸಿದೆ. ನಮ್ಮ ದೇಶದಲ್ಲಿ ವೈನ್ ಕುಡಿಯುವವರು ಕಡಿಮೆ. ಒಂದೊಂದು ರಾಜ್ಯದ ತೆರಿಗೆ ಒಂದೊಂದು ಥರ; ಇಲ್ಲಿ ತುಂಬಿದ ಬಾಟಲಿ ಗಡಿ ದಾಟಿದ ಕೂಡಲೇ ಬೆಲೆ ಏರುತ್ತದೆ. ಏರಿದ ಬೆಲೆಗೆ ಹೊರದೇಶದ ಬಾಟಲಿಯೂ ಪಕ್ಕದಲ್ಲೇ ಸಿಗುವುದಾದರೆ ಜನ ಅದನ್ನು ಎತ್ತಿಕೊಳ್ಳುತ್ತಾರೆ. ಮಾಲು ಹೋಗದಿದ್ದರೆ ಕಂಪನಿಯ ಟ್ಯಾಂಕು ಬರಿದಾಗುವುದಿಲ್ಲ, ಟ್ಯಾಂಕು ಬರಿದಾಗದಿದ್ದರೆ ಹೊಸ ಹಣ್ಣಿಗೆ ಜಾಗವಿಲ್ಲ. ಆಗ ಕಂಪನಿಯವರು ಕಡಿಮೆ ಕೊಳ್ಳುತ್ತೇವೆ ಎಂದು ಹೇಳುವುದಿಲ್ಲ. ಹಣ್ಣಿನಲ್ಲಿ ಸಕ್ಕರೆ ಇನ್ನೂ ಹೆಚ್ಚು ಇರಬೇಕು ಎನ್ನುತ್ತಾರೆ.

ಕೊಬ್ಬರಿಯವನಿಗೆ ಅಟ್ಟ ಇದೆ. ಧಾರಣೆ ಬಿದ್ದರೆ ಏಣಿ ತೆಗೆದಿಟ್ಟು ಕಾಯಬಹುದು. ಅಡಿಕೆಯೂ ಚೀಲದಲ್ಲಿ ಕಾಯುತ್ತದೆ. ದ್ರಾಕ್ಷಿಗೆ ಕಾಯುವುದು ಗೊತ್ತಿಲ್ಲ.

ಅದರ ಇನ್ನೊಂದು ರೀತಿಗೆ ನಮ್ಮ ಕಡೆಯವರು ಒಗ್ಗಲು ಬಹಳ ಕಾಲ ಬೇಕಾಯಿತು. ಕೊಯ್ಲು ಹತ್ತಿರ ಬಂದಾಗ ನೀರು ನಿಲ್ಲಿಸಬೇಕು. ಉರಿ ಬೇಸಿಗೆಯಲ್ಲಿ ಬಳ್ಳಿ ಬಾಯಾರಬೇಕು, ಎಲೆ ಸ್ವಲ್ಪ ಜೋಲಬೇಕು. ಆಗ ಕಾಳಿನ ರಸ ಗಟ್ಟಿಯಾಗಿ ಸಕ್ಕರೆ ಏರುತ್ತದೆ. ನೀರು ಕೊಟ್ಟರೆ ಕಾಳು ಊದುತ್ತದೆ, ತೂಕ ಬರುತ್ತದೆ, ರಸ ಸಪ್ಪೆಯಾಗುತ್ತದೆ. ತೂಕ ಬಂದರೆ ಸಾಕು ಎಂದು ಬದುಕಿದ ಊರಿನಲ್ಲಿ ಇದನ್ನು ನಂಬುವುದು ಸುಲಭವಲ್ಲ.

ಪಕ್ಕದ ತೆಂಗಿನ ತೋಟದ ಯಜಮಾನರು ಎಷ್ಟು ಹೇಳಿದರೂ ನಂಬುತ್ತಿರಲಿಲ್ಲ. ಹಣೆ ತುಂಬ ವಿಭೂತಿ, ಕೈಯಲ್ಲಿ ಯಾವಾಗಲೂ ಗುದ್ದಲಿ. ಅಕ್ಕ ಅವರನ್ನು ಮಾವ ಎಂದೇ ಕರೆಯುವುದು. ಬಳ್ಳಿ ಇಟ್ಟ ಮೊದಲ ವರ್ಷವೇ ಬೇಲಿಯ ಹತ್ತಿರ ನಿಂತು ರೇಗಿಸಿದ್ದರು.

"ಏನವ್ವಾ, ಮಠಕ್ಕೆ ನಡ್ಕಳೋ ಮನೆ, ಹೊಲದಲ್ಲಿ ಹೆಂಡದ ಹಣ್ಣು!"

"ನಿಮ್ಮ ಅಳಿಯನ ತೋಟದ ಅಡಿಕೆ ಗುಟ್ಕಾಕ್ಕೆ ಹೋಗ್ತದಲ್ಲ ಮಾವ, ನೀವೇನು ತಿಂದು ಉಗೀತೀರಾ?"

"ಥೂ, ನಿನ್ ಬಾಯಿಗೆ!" ಎಂದು ನಕ್ಕು ಹೋಗಿದ್ದರು.

ಭಾವ ಬಳ್ಳಿ ಕೀಳುವ ಮಾತಾಡಿದ ಆ ಬೇಸಿಗೆ, ಕೊಯ್ಲಿಗೆ ಇನ್ನು ಕೆಲವೇ ದಿನ ಎನ್ನುವಾಗ, ಭಾವನಿಗೆ ಪಿತ್ತಕೋಶದ ಕಲ್ಲಿನ ನೋವು ಎದ್ದಿತು. ಆಪರೇಷನ್ ಆಯಿತು. ಅಕ್ಕ ಕಡೂರಿನ ಆಸ್ಪತ್ರೆಯಲ್ಲಿ ಉಳಿದಳು, ಊಟ ನನ್ನ ಮನೆಯಿಂದ ಹೋಗುತ್ತಿತ್ತು. ಹೊರಡುವಾಗ ಅವಳು ಯಜಮಾನರಿಗೆ ಹೇಳಿದ್ದು ಒಂದೇ ಮಾತು: "ಮಾವ, ಹಸ ನೋಡ್ಕಳಿ." ಬಳ್ಳಿಯ ವಿಷಯ ಹೇಳಲಿಲ್ಲ. ಹೇಳುವಂಥದ್ದೇನೂ ಇರಲಿಲ್ಲ, ಏನೂ ಮಾಡದಿರುವುದೇ ಆಗಿನ ಕೆಲಸ.

ಭಾವನನ್ನು ಕರೆದುಕೊಂಡು ಬರುವ ದಿನ ನಾನೂ ಜೊತೆಗೆ ಹೋದೆ. ಹೊಲದ ಬಳಿ ಕಂಪನಿಯ ಹುಡುಗ ಬೈಕಿನಲ್ಲಿ ಬಂದು ಕಾಯುತ್ತಿದ್ದ. ಹಣ್ಣು ಪರೀಕ್ಷೆ ಮಾಡಿ ಲಾರಿಯ ಸರದಿ ಗೊತ್ತುಮಾಡುವುದು ಅವನ ಕೆಲಸ. ಸಾಲಿನ ಮಧ್ಯದಿಂದ ಕೆಲವು ಕಾಳು ಕಿತ್ತು ಹಿಂಡಿ, ಸಕ್ಕರೆ ಅಳೆಯುವ ಬೆರಳುದ್ದದ ಕೊಳವೆಯ ಗಾಜಿನ ಮೇಲೆ ರಸದ ಹನಿ ಬಿಟ್ಟು, ಬೆಳಕಿಗೆ ಹಿಡಿದು ನೋಡಿದ. ಇನ್ನೊಂದು ಸಾಲಿನಲ್ಲಿ ಮತ್ತೆ ನೋಡಿದ.

"ಅಮ್ಮಾ, ಸಕ್ಕರೆ ಇಳಿದುಬಿಟ್ಟೈತೆ. ಹೋದ ಸಲ ಬಂದಾಗ ಚೆನ್ನಾಗಿತ್ತು. ಯಾವಾಗ ನೀರು ಬಿಟ್ರಿ?"

ಅಕ್ಕ ಬಗ್ಗಿ ನೆಲ ಮುಟ್ಟಿದಳು. ಬುಡ ಒದ್ದೆಯಾಗಿತ್ತು. ಬೇಲಿಯಿಂದ ಈಚೆಗೆ ಕಪ್ಪು ಪೈಪೊಂದು ಹಾವಿನಂತೆ ಬಂದು ಮಲಗಿತ್ತು. ಬೇಲಿಯ ಆಚೆ ಯಜಮಾನರು ನಿಂತಿದ್ದರು.

"ನಾನೇ ಬಿಟ್ಟೆ," ಎಂದಳು ಅಕ್ಕ.

"ಅಯ್ಯೋ, ಇವಳೆಲ್ಲಿ ಬಿಟ್ಳು! ಆಸ್ಪತ್ರೇಲಿದ್ಲು," ಎಂದರು ಯಜಮಾನರು. "ನಾನು ಕಣಪ್ಪಾ ಬಿಟ್ಟಿದ್ದು. ಎಲೆ ಎಲ್ಲ ಎಂದೂ ಇಲ್ದಂಗೆ ಜೋತು ಬಿದ್ದಿದ್ವು. ಮೋಟ್ರು ಸುಟ್ಟೋಗೈತೇನೋ ಅನ್ಕಂಡು ನಮ್ಮ ಬೋರಿಂದ್ಲೇ ಎಳೆದೆ. ಹಸನೇ ಕಾಯೋನಿಗೆ ಬಳ್ಳಿ ಏನು ಭಾರನಾ? ನೋಡು, ಎಂಗೆ ಎದ್ದು ಕೂತವೆ!"

ಬೇಸಿಗೆಯಲ್ಲಿ ಇನ್ನೊಬ್ಬರ ಹೊಲಕ್ಕೆ ನೀರು ಕೊಡುವುದೆಂದರೆ ಏನು ಎಂಬುದು ಈ ಬಯಲಿನಲ್ಲಿ ಇದ್ದವರಿಗೆ ಗೊತ್ತು. ಯಜಮಾನರ ಬೋರ್‌ವೆಲ್ ಸುರಿಯುವುದು ಎಳೆ ಮಗುವಿನ ಕಿರುಬೆರಳಷ್ಟು. ಅಷ್ಟು ದಿನ ಅವರ ತೆಂಗು ಒಣಗಿಕೊಂಡೇ ಇತ್ತು. ಕಂಪನಿಯ ಹುಡುಗ ಬಾಯಿ ತೆರೆದವನು ಅಕ್ಕನ ಮುಖ ನೋಡಿ ಕೊಳವೆ ಒರೆಸತೊಡಗಿದ.

"ಒಳ್ಳೇದಾಯ್ತು ಬಿಡಿ ಮಾವ," ಎಂದಳು ಅಕ್ಕ. "ಮಜ್ಜಿಗೆ ಕುಡಿದು ಹೋಗಿ."

ಅವಳ ಲಾರಿಯ ಸರದಿ ಅಜ್ಜಂಪುರದ ಕಡೆಯ ಇನ್ನೊಬ್ಬ ಬೆಳೆಗಾರರಿಗೆ ಹೋಯಿತು. ಅಕ್ಕನ ಹಣ್ಣನ್ನು ಕಟ್ಟಕಡೆಗೆ ಇಟ್ಟರು. ಅಷ್ಟರಲ್ಲಿ ಬಿಸಿಲಿಗೆ ಸಕ್ಕರೆ ಮತ್ತೆ ಏರಿದರೆ, ಟ್ಯಾಂಕಿನಲ್ಲಿ ಜಾಗ ಉಳಿದರೆ, ಕೊಳ್ಳುತ್ತೇವೆ ಎಂದ ಹುಡುಗ. ಯಾಕೆ ತಡ ಎಂದು ಭಾವ ಮಲಗಿದಲ್ಲಿಂದಲೇ ಕೇಳಿದರು. ಅಕ್ಕ ಹೇಳಿದಳು. ಭಾವ ಹೊಟ್ಟೆಯ ಮೇಲೆ ಕೈಯಿಟ್ಟು ಮಗ್ಗುಲಾದರು. ಆಮೇಲೆ, "ಅವರಿಗೇನೂ ಅನ್ನಬ್ಯಾಡ," ಎಂದರು.

ಅನ್ನುವುದು ಬೇಕಾಗಲಿಲ್ಲ. ಹುಡುಗ ಮರಳಿ ಹೋಗುವಾಗ ಯಜಮಾನರೇ ಅವನ ಬೈಕು ಅಡ್ಡಗಟ್ಟಿ ಎಲ್ಲ ಕೇಳಿಸಿಕೊಂಡಿದ್ದರು. ಮರುದಿನದಿಂದ ಬೆಳಗ್ಗೆ ಎದ್ದರೆ ಬೇಲಿಯ ಹತ್ತಿರ ನಿಂತು ಆಕಾಶ ನೋಡುವುದು ಅವರ ಕೆಲಸವಾಯಿತು.

ಆ ವಾರ ತರೀಕೆರೆ ಕಡೆ ಒಳ್ಳೆಯ ಮಳೆ ಬಿತ್ತು. ಅಡಿಕೆಯವರಿಗೆ ಅದು ಸಂತೋಷದ ಸುದ್ದಿ, ನಾನೂ ಹಾಗೆಯೇ ಬರೆದು ಕಳಿಸಿದೆ. ಕಳಿಸಿ ಮುಗಿದ ಮೇಲೆ ಅಕ್ಕನಿಗೆ ಫೋನ್ ಮಾಡಿದೆ. "ಇಲ್ಲಿ ಮೋಡ ಐತೆ, ಹನಿ ಇಲ್ಲ," ಎಂದಳು. ಹಿಂದಿನಿಂದ ಯಜಮಾನರ ದನಿ ಕೇಳಿತು: "ಲೇ, ಪೇಪರ್‌ನೋನೇ! ಮಳೆ ಅಲ್ಲೇ ಇಟ್ಕಂಡಿರು ಅಂತ ಬರಿ!" ಮಳೆ ಬೇಡವೆಂದ ಮೊದಲ ತೆಂಗಿನ ರೈತ ಅವರೇ ಇರಬೇಕು.

ಮಳೆ ಶಿವನಿಯ ಕಡೆ ಬರಲಿಲ್ಲ. ಒಂದು ಮಧ್ಯಾಹ್ನ ಹುಡುಗ ಬಂದು ಮತ್ತೆ ಹನಿ ಬಿಟ್ಟು ನೋಡಿ, ಸಾಕಷ್ಟು ಏರಿದೆ, ನಾಳೆ ಬೆಳಗ್ಗೆಯೇ ಲಾರಿ ಎಂದ. ಬಿಸಿಲು ಏರುವ ಮೊದಲೇ ಕೊಯ್ದಿರಬೇಕು. ಆ ದಿನ ಊರಿನ ಅರ್ಧ ಕೂಲಿಯಾಳುಗಳು ಮದುವೆಗೆ ಹೋಗಿದ್ದರು. ಅಕ್ಕ ನನಗೂ ಬಾ ಎಂದಳು, ಹೋದೆ.

ಬೆಳಕು ಹರಿಯುವಾಗ ಬೇಲಿ ದಾಟಿ ಯಜಮಾನರ ಮನೆಮಂದಿಯೆಲ್ಲ ಬಂದರು, ಮುಯ್ಯಾಳಾಗಿ. ಇವತ್ತು ಅವರು ನಮಗೆ ದುಡಿದರೆ ಮುಂದೆ ಅವರ ಕಾಯಿ ಸುಲಿಯುವಾಗ ನಾವು ಹೋಗುವುದು; ಕೂಲಿಯ ಮಾತಿಲ್ಲ. ಗೊಂಚಲು ಕತ್ತರಿಸಿ, ನಲುಗದಂತೆ ಕ್ರೇಟಿನಲ್ಲಿ ಇಡಬೇಕು. ಕೈ ಅಂಟಾಯಿತೆಂದು ಅವರ ಸೊಸೆ ಚೊಂಬಿನಲ್ಲಿ ನೀರು ತಂದಳು.

"ಏಯ್! ನೀರು ತಂದ್ಯಾ?" ಎಂದು ಯಜಮಾನರು ಗದರಿದರು. "ಆಚೆಗೆ ಒಯ್ಯೇ. ಸಂಜೆಗಂಟ ಈ ಹೊಲದಲ್ಲಿ ನೀರು ಅಂತ ಯಾರೂ ಬಾಯಿ ಬಿಡಂಗಿಲ್ಲ!"

"ಮಾವ, ಕುಡಿಯೋಕಾದ್ರೂ?" ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡು ಕೇಳಿದಳು.

"ರಸ್ತೇಲಿ ನಿಂತ್ಕಂಡು ಕುಡಿ!"

ಸಾಲು ಸಾಲೇ ನಕ್ಕಿತು. ಲಾರಿ ಬಂದಾಗ ಕ್ರೇಟುಗಳನ್ನು ನೆರಳಿನಲ್ಲಿ ಜೋಡಿಸಿ ಆಗಿತ್ತು. ಹುಡುಗ ಕೊನೆಯ ಸಲ ಕೊಳವೆ ಕಣ್ಣಿಗೆ ಹಿಡಿದ. ಯಜಮಾನರು ಅವನ ಹೆಗಲ ಮೇಲಿಂದ ಇಣುಕಿದರು. "ತುಂಬ್ರಿ," ಎಂದ. ಬಳ್ಳಿಯಲ್ಲಿ ಒಂದು ಗೊಂಚಲೂ ಉಳಿಯಲಿಲ್ಲ. ಭಾವ ಅಡಿಕೆ ಸಸಿಯ ಮಾತು ಮತ್ತೆ ಎತ್ತಲಿಲ್ಲ.

ಕಾಯಿ ಸುಲಿಯಲು ಅಕ್ಕ ಹೋದಳು, ನಾನೂ ಒಂದು ಭಾನುವಾರ ಹೋದೆ. ರಾಶಿ ಹಿಂದಿನಷ್ಟು ಇರಲಿಲ್ಲ. ಆ ಬೇಸಿಗೆ ನೀರು ತಪ್ಪಿದ ಮರಗಳು ಹರಳನ್ನು, ಅಂದರೆ ಎಳೆ ಮಿಡಿಗಳನ್ನು, ಉದುರಿಸಿದ್ದವು. ಯಜಮಾನರು ಸುಲಿಯುತ್ತಲೇ ಇದ್ದರು. ಅಕ್ಕ ರಾಶಿಯನ್ನೂ ಮರವನ್ನೂ ನೋಡಿ, ಮತ್ತೊಂದು ಕಾಯಿ ಎತ್ತಿಕೊಂಡಳು.

ಮುಂದಿನ ಬೇಸಿಗೆ ಬಳ್ಳಿಗೆ ನೀರು ನಿಲ್ಲಿಸಿದ ದಿನ ಅವಳು ಆ ಕಪ್ಪು ಪೈಪಿನ ತುದಿಯನ್ನು ತನ್ನ ಮೋಟಾರಿಗೆ ಕಟ್ಟಿ, ಇನ್ನೊಂದು ತುದಿಯನ್ನು ಬೇಲಿಯ ಆಚೆಗೆ ಎಸೆದಳು. ದ್ರಾಕ್ಷಿ ಬಾಯಾರುವಷ್ಟು ದಿನ ಆ ನೀರು ತೆಂಗಿಗೆ. ಈಗ ಪ್ರತಿ ವರ್ಷವೂ ಹಾಗೆಯೇ ನಡೆದಿದೆ. ಕಳೆದ ಸಲ ನಾನು ಹೋದಾಗ ಯಜಮಾನರು ತೆಂಗಿನ ಬುಡದಲ್ಲಿ ಗುದ್ದಲಿಯಿಂದ ನೀರು ತಿರುಗಿಸುತ್ತಿದ್ದರು. ಬೇಲಿಯ ಈಚೆ ಎಲೆಗಳು ಜೋತಿದ್ದವು. ಅವರು ಅತ್ತ ನೋಡಿದರು, ಮುಖ ಕಿವುಚಿದರು, ಮತ್ತೆ ತಮ್ಮ ಕೆಲಸಕ್ಕೆ ಬಗ್ಗಿದರು.

"ಕಣ್ಣಿಂದ ನೋಡಕ್ಕಾಗಲ್ಲ ಕಣಪ್ಪಾ," ಎಂದರು. "ಆದ್ರೂ ಹಂಗೇ ಬಿಟ್ಟಿದೀನಿ."