ಮೊದ್ದು ಮಕ್ಕಳ ಊರಿನಲ್ಲಿ

ಹತ್ತೊಂಬತ್ತು ಮಂದಿ ಪಾಲಕರು ಬಂದಿದ್ದರು. ಹತ್ತೊಂಬತ್ತು ಮಂದಿಯೂ ತಮ್ಮ ತಮ್ಮ ಮಕ್ಕಳನ್ನು ಬೈದು ಕೂತರು.

ನಾನು ಕೇಳಿದ್ದು ಇಷ್ಟೇ: "ನಿಮ್ಮ ಮಗುವಿನ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಹೇಳಿ." ಮಗು ತನ್ನನ್ನು ತಾನು ಅರಿಯಬೇಕಾದರೆ ಮೊದಲು ಮನೆಯವರ ಬಾಯಿಂದ ಒಳ್ಳೆಯ ಮಾತು ಕೇಳಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನನ್ನ ನಾಲ್ಕನೇ ತರಗತಿಯ ಮಕ್ಕಳು ಗೋಡೆಗೆ ಒರಗಿ ನಿಂತಿದ್ದವು. ಎದುರಿಗೆ ಜಮಖಾನದ ಮೇಲೆ ಅವರ ಅಪ್ಪ, ಅಮ್ಮ, ಅಜ್ಜಿಯರು. ಮೊದಲು ಎದ್ದವರು, "ಇವನಾ? ತಿನ್ನಕೆ ಮುಂದು, ಓದಕೆ ಇಂದು" ಎಂದರು. ಅವರ ಹಿಂದಿನವರು, "ನಮ್ದು ಬಾಯ್ಬುಟ್ರೆ ಸುಳ್ಳು ಕಣ್ ಮಿಸ್ಸೇ" ಎಂದರು. ಹೀಗೇ ಸಾಗಿ ಕೊನೆಗೆ ಸಿಂಚನಳ ಅಜ್ಜಿ ಚಿಕ್ಕತಾಯಮ್ಮ ಎದ್ದರು. "ಇದು ಮೊದ್ದು ಕಣಮ್ಮ. ತಲೇಲಿ ಬೆಣಚುಕಲ್ಲು ಅದೆ. ನೀವು ಏಳ್ಕೊಟ್ಟಿದ್ದು ಎಲ್ಲಿಗ್ ಓದಾತು?"

ಮೊದ್ದು ಎಂದರೆ ದಡ್ಡಿ, ಅದಕ್ಕಿಂತ ಒಂದು ಹಿಡಿ ಹೆಚ್ಚೇ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲಿರುತ್ತದೆ. ಎದ್ದು ನಿಂತು ಎಲ್ಲರೆದುರು ಹೇಳಿಬಿಟ್ಟೆ: "ಏನ್ರಿ ಅಮ್ಮ ಹಿಂಗಂತೀರಿ? ನಿಮ್ಮ ಮೊಮ್ಮಗಳಂಥ ಜಾಣೆ ಈ ತರಗತಿಯಲ್ಲೇ ಇಲ್ಲ. ಎಂಥಾ ಚಂದದ ಅಕ್ಷರ, ಎಂಥಾ ಚಂದದ ಹುಡುಗಿ." ಚಿಕ್ಕತಾಯಮ್ಮ ಹುಡುಗಿಯ ಮುಖದ ಮೇಲೆ ಅಂಗೈ ಇಳಿಸಿ, ತಮ್ಮ ಕಣತಲೆಗೆ ಒತ್ತಿ ನೆಟಿಗೆ ಮುರಿದರು. ಆಮೇಲೆ ಅವಳ ಕೈ ಹಿಡಿದು ಎಳೆದುಕೊಂಡು ಹೊರಟೇಬಿಟ್ಟರು. ನಾನೇ ಗೆದ್ದೆ ಎಂದುಕೊಂಡೆ.

ಮರುದಿನ ಸಿಂಚನ ಬರಲಿಲ್ಲ, ಜ್ವರವಂತೆ. ಮೂರನೆಯ ದಿನ ಬಂದಳು, ಕೆನ್ನೆಯ ಮೇಲೆ ಹೆಬ್ಬೆಟ್ಟಿನಷ್ಟು ಕಾಡಿಗೆಯ ಬೊಟ್ಟು. ಯಾವಾಗಲೂ ಎರಡನೇ ಸಾಲಿನಲ್ಲಿ ಕೂರುವವಳು ಹಿಂದೆ ಹೋಗಿ ಬಾಗಿಲ ಮರೆಯಲ್ಲಿ ಕೂತಳು. ಕರೆದರೆ ಬರಲಿಲ್ಲ. ಪಕ್ಕದ ಹುಡುಗಿ ಎದ್ದು ವರದಿ ಒಪ್ಪಿಸಿದಳು: "ಮಿಸ್, ನಿಮ್ ಮುಂದಕೆ ಓಗ್ಬ್ಯಾಡ ಅಂದವ್ರಂತೆ ಅವ್ರಜ್ಜಿ. ನಿಮ್ ಕಣ್ಣು ಕೆಟ್ಟದಂತೆ."

ನಮ್ಮ ಸಿಂದಗಿ ಕಡೆಯಿಂದ ಇಲ್ಲಿಗೆ ಒಂದು ರಾತ್ರಿಯ ರೈಲು, ಆಮೇಲೆ ಎರಡು ಬಸ್ಸು. ರಾಜ್ಯದ ಆ ತುದಿಯಿಂದ ಈ ತುದಿಗೆ. ಮಾಸ್ತರಿಕೆಯ ಆದೇಶ ಕೈಗೆ ಬಂದಾಗ ಗುಂಡ್ಲುಪೇಟೆ ನಕಾಶೆಯಲ್ಲಿ ಎಲ್ಲಿದೆ ಎಂದು ಹುಡುಕಿದ್ದೆ. ಕೆಳಗೆ, ಕೆಳಗೆ, ಇನ್ನೂ ಕೆಳಗೆ, ಆಚೆ ಬಂಡೀಪುರದ ಕಾಡು, ಅದರಾಚೆ ಕೇರಳ. ಶಾಲೆ ಇರುವುದು ಹಳ್ಳಿಯಲ್ಲಿ, ನಾನಿರುವುದು ಮೂರು ಕಿಲೋಮೀಟರ್ ಈಚೆಗೆ ಬೇಗೂರಿನಲ್ಲಿ. ಒಬ್ಬಳೇ ಹೆಂಗಸು ಎಂದು ಎರಡು ಮನೆ ತಪ್ಪಿತು. ಮೂರನೆಯ ಮನೆಯಮ್ಮ, ಸಂಜೆ ಏಳರೊಳಗೆ ಬಾಗಿಲು ಹಾಕಿಕೊಳ್ಳಬೇಕು ಎಂಬ ಕರಾರಿನ ಮೇಲೆ ಹಿತ್ತಲಿನ ಕೋಣೆ ಕೊಟ್ಟರು. ಮೊದಲ ಭಾನುವಾರ ನಾನು ರೊಟ್ಟಿ ಬಡಿಯುವ ಸದ್ದಿಗೆ ಗೋಡೆಯೇ ಬಿತ್ತೇನೋ ಎಂದು ಓಡಿ ಬಂದರು. ಈಗ ಆ ಸದ್ದಾದರೆ ತಟ್ಟೆ ಹಿಡಿದೇ ಬರುತ್ತಾರೆ. ನಾನೂ ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿತಿದ್ದೇನೆ, ಆದರೆ ದಿನಕ್ಕೆ ಒಂದೇ.

ಮಾತಿನದು ಇನ್ನೊಂದು ಪಾಡು. ಅಲ್ಲಿ ನಾವು ಮಾತು ಮಾತಿಗೆ ರೀ ಹಚ್ಚುತ್ತೇವಲ್ಲ, ಇಲ್ಲಿ ಮಕ್ಕಳಿಗೆ ಅದೇ ತಮಾಷೆ. "ಹೌದ್ರಿ, ಬರ್ರಿ" ಎಂದು ನನ್ನ ಹಾಗೇ ಅಂದು ನಗುತ್ತವೆ. ನನ್ನ ಹೆಸರೇ "ರೀ ಮಿಸ್ಸು" ಎಂದಾಗಿದೆ. ತಾಯಿಗೆ ಮಾತ್ರ ಇಲ್ಲಿಯವರೂ ಅವ್ವ ಎನ್ನುತ್ತಾರೆ. ಮೊದಲ ವಾರ ಬೀದಿಯಲ್ಲಿ ಯಾವುದೋ ಮಗು "ಅವ್ವಾ" ಎಂದು ಕೂಗಿದಾಗ ತಿರುಗಿ ನೋಡಿ, ಮನೆಗೆ ಬಂದು ಅತ್ತಿದ್ದೆ.

ಇದೆಲ್ಲದರ ನಡುವೆ ಆ ಬೈಗುಳದ ಸಭೆ. ಅದು ನನ್ನನ್ನು ಅಷ್ಟು ಕೆರಳಿಸಿದ್ದಕ್ಕೆ ಕಾರಣವಿತ್ತು. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಮಕ್ಕಳಿಂದ "ನಾನು" ಎಂಬ ಪುಟ ಬರೆಸುತ್ತಿದ್ದೆ. ನಿನಗೇನು ಇಷ್ಟ, ನಿನಗೆ ಯಾವುದು ಚೆನ್ನಾಗಿ ಬರುತ್ತದೆ, ಬರೆಯಿರಿ ಎಂದೆ. ಮಕ್ಕಳು ಪಕ್ಕದವರದನ್ನು ನೋಡಿ ಬರೆದವು. ತಮ್ಮ ಬಗ್ಗೆ ತಾವೇ ಕಾಪಿ ಹೊಡೆದವು! "ನಾನು ಒಳ್ಳೆಯ ಹುಡುಗ, ದೊಡ್ಡವನಾಗಿ ಪೊಲೀಸ್ ಆಗುತ್ತೇನೆ" ಎಂದು ಮೂವರು ಹುಡುಗಿಯರೂ ಬರೆದಿದ್ದರು. ಸಿಂಚನ ಮಾತ್ರ ಯಾರದನ್ನೂ ನೋಡಿರಲಿಲ್ಲ. ಮುತ್ತಿನಂಥ ಅಕ್ಷರದಲ್ಲಿ ಒಂದೇ ಸಾಲು: "ನಾನು ಮೊದ್ದು."

ನನ್ನ ಕಣ್ಣಿನ ವಿಷಯ ಮುಖ್ಯೋಪಾಧ್ಯಾಯ ಗುರುಸ್ವಾಮಿ ಮೇಷ್ಟ್ರ ಕಿವಿಗೂ ಬಿದ್ದಿತ್ತು. ಚಹ ಕುಡಿಯುತ್ತ ನಗುತ್ತಲೇ ಕೇಳಿದರು, "ಅಲ್ಲಮ್ಮ, ಅಷ್ಟು ಜನದ್ ಮುಂದೆ ಮಗೀನ ಒಗಳ್ಬುಟ್ರಂತಲ್ಲ, ದಿಷ್ಟಿ ಆಗಲ್ವಾ? ಇಲ್ಲಿ ಎತ್ತೋರು ಯಾರೂ ತಮ್ ಮಗೀನ ಚಂದ ಅನ್ನಲ್ಲ. ಬಯ್ಯೋದೇ ಒಂದು ಕಾವಲು."

ನಾನು ಲೋಟ ಕೆಳಗಿಟ್ಟೆ. ದಿಷ್ಟಿ ಎಂದರೆ ನಮ್ಮ ನೆದರು. ನನಗೆ ಗೊತ್ತಿಲ್ಲದ್ದೇನಲ್ಲ. ಏಳನೇ ತರಗತಿಯಲ್ಲಿ ನಾನು ಶಾಲೆಗೇ ಮೊದಲು ಬಂದ ದಿನ ಅವ್ವ ಓಣಿಯವರಿಗೆ ಹೇಳಿದ್ದಳು, "ಎಲ್ಲೋ ಅಪ್ಪಿತಪ್ಪಿ ಬಂದಾವ ಬಿಡ್ರಿ. ನಮ್ಮಾಕಿಗೇನ್ ಬರತೈತಿ, ಮಣ್ಣು." ಆ ಮಾತನ್ನು ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ಇಷ್ಟು ದೂರದ ಊರನ್ನು ಒಪ್ಪಿಕೊಂಡು ಬಂದದ್ದರಲ್ಲೂ "ನನಗೇನು ಬರುತ್ತದೆ ನೋಡು" ಎಂಬ ಹಟ ಇತ್ತು. ಅವ್ವ ಹಾಗೆ ಅಂದು ನನ್ನನ್ನು ಕಾಯುತ್ತಿದ್ದಳು ಎಂದು ತಿಳಿಯಲು ನಾನು ಗುಂಡ್ಲುಪೇಟೆ ತಾಲ್ಲೂಕಿಗೆ ಬರಬೇಕಾಯಿತು.

ಅದೇ ಸಂಜೆ ಚಿಕ್ಕತಾಯಮ್ಮನ ಮನೆಗೆ ಹೋದೆ. ತಪ್ಪಾಯಿತು ಎಂದೆ. ಅವರು ಹುಡುಗಿಯನ್ನು ನನ್ನ ಮುಂದೆ ನಿಲ್ಲಿಸಿ, "ನೀವೇ ಮೂರ್ಸಲ ತೂ ಅಂದ್ಬುಡಿ, ಓಯ್ತದೆ" ಎಂದರು. ಶಿಕ್ಷಕರ ತರಬೇತಿ ಮುಗಿಸಿದ ನಾನು ಮೂರು ಸಲ ತೂ ತೂ ತೂ ಎಂದೆ. ಸಿಂಚನ ಕಿಸಕ್ಕನೆ ನಕ್ಕಳು. ಅಜ್ಜಿ ಕೂರಲು ಚಾಪೆ ಹಾಕಿದರು, ಆಮೇಲೆ ನಿಜವಾದ ಸಂಕಟ ಹೊರಗೆ ಬಂತು.

ಸಿಂಚನಳ ಅಪ್ಪ ಮಹದೇವ, ಅವಳ ಅಮ್ಮ, ಇಬ್ಬರೂ ಕಾಡಿನಾಚೆ ವಯನಾಡಿನಲ್ಲಿ ಶುಂಠಿ ಹೊಲದ ಕೆಲಸದಲ್ಲಿದ್ದಾರೆ. ಅಲ್ಲೇ ಶೆಡ್ಡಿನಲ್ಲಿ ವಾಸ, ಜೊತೆಗೆ ಒಂದೂವರೆ ವರ್ಷದ ಮಗು. ಸಿಂಚನಳೂ ಚಿಕ್ಕವಳಿದ್ದಾಗ ಅಲ್ಲೇ ಇದ್ದವಳು. ಈಗ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡಲು ಬರುವ ಮಹದೇವ, ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗುತ್ತಾನಂತೆ, ಮಗು ನೋಡಿಕೊಳ್ಳಲು.

"ಓದೇ ಅತ್ತಲ್ಲ ಅಂತೀಯಲ್ಲವ್ವ, ಇಲ್ಲಿ ಮಗೀನಾರ ನೋಡ್ಕಳ್ಲಿ ಅಂತಾವ್ನೆ ಮಿಸ್ಸೇ" ಎಂದರು ಚಿಕ್ಕತಾಯಮ್ಮ.

"ಓದು ಹತ್ತಲ್ಲ ಅಂತ ಅವರಿಗೆ ಹೇಳಿದ್ಯಾರು?"

"ನಾನೆಯಾ. ದಿನಾ ಪೋನಲ್ಲಿ ಕೂಸು ಎಂಗದೆ ಅಂತ ಕೇಳ್ತನೆ. ಶೆಡ್ ತುಂಬ ಜನ ಕೇಳುಸ್ಕತಾರೆ. ಜಾಣೆ, ಅಂಗೆ ಓದ್ತಳೆ, ಇಂಗೆ ಬರೀತಳೆ ಅಂತ ಬಾಯ್ಬುಟ್ಟು ಏಳಕಾದ್ದಾ? ಮೊದ್ದು ಅಂದೆ. ಅವ್ನು ಅದ್ನೇ ನಿಜ ಅಂದ್ಕಬುಟ್ಟ."

"ಈಗ ನಿಜ ಹೇಳಿಬಿಡಿ."

ಅವರು ತಲೆ ಅಲ್ಲಾಡಿಸಿದರು. ಮೊಮ್ಮಗಳು ದೂರ ಹೋದರೆ ತಾನು ಬದುಕಲಾರೆ ಎಂದು ಅಳುತ್ತಿದ್ದ ಮುದುಕಿ, ಅವಳು ಜಾಣೆ ಎಂಬ ಒಂದು ಮಾತನ್ನು ಮಾತ್ರ ನಾಲಿಗೆಯ ಮೇಲೆ ತರಲಾರರು. ತಂದರೆ ಕೂಸಿಗೆ ಏನಾದರೂ ಆದೀತು ಎಂಬ ಭಯ. ನಾನು ಒಂದು ಸಲ ಹೊಗಳಿ ಜ್ವರ ಬರಿಸಿದವಳು, ನನ್ನ ವಾದಕ್ಕೆ ಬೆಲೆಯಿರಲಿಲ್ಲ. ಅಮಾವಾಸ್ಯೆಗೆ ಮೂರೇ ವಾರ ಇತ್ತು.

ಹೊರಡುವಾಗ ಸುಮ್ಮನೆ ಮಾತಿಗೆ ಕೇಳಿದೆ, "ಮನೆಯಲ್ಲಿ ಏನೇನು ಕೆಲಸ ಮಾಡ್ತಾಳೆ?" ಅಷ್ಟಕ್ಕೆ ಆ ಬಾಯಿ ತೆರೆದುಕೊಂಡಿತು. ಹಸು ಇವಳು ಕೊಟ್ಟರೇ ನೀರು ಕುಡಿಯುವುದು, ತನ್ನ ಮಾತ್ರೆ ಇವಳೇ ಓದಿ ಕೊಡುವುದು, ನಿಲ್ಲಿಸಲೇ ಇಲ್ಲ. ಕೆಲಸ ಹೇಳಿದರೆ ಹೊಗಳಿಕೆಯಲ್ಲ, ಕಣ್ಣು ಬೀಳುವುದಿಲ್ಲ. ನಾನು ಅಂಗಳದಲ್ಲೇ ನಿಂತುಬಿಟ್ಟೆ. ಇಷ್ಟು ದಿನ ತಪ್ಪು ಪ್ರಶ್ನೆ ಕೇಳುತ್ತಿದ್ದೆ ಎಂದು ಹೊಳೆಯಿತು.

ಆ ಶನಿವಾರ ಬೋರ್ಡಿನ ಮೇಲೆ "ನಾನು ಮಾಡುವ ಕೆಲಸ" ಎಂದು ಬರೆದೆ. ಕೆಳಗೆ ಇನ್ನೊಂದು ಸಾಲು: "ಮೊದಲು ಹೇಗೆ ಮಾಡುತ್ತಿದ್ದೆ, ಈಗ ಹೇಗೆ?" ಯಾರೂ ಪಕ್ಕಕ್ಕೆ ನೋಡಲಿಲ್ಲ. ಪಕ್ಕದವಳ ಮನೆಯ ಕೆಲಸ ಇವಳಿಗೆ ಹೇಗೆ ಗೊತ್ತಿರುತ್ತದೆ? ಒಬ್ಬಳು ಪೆನ್ಸಿಲ್ ಕಚ್ಚುತ್ತ ಬಂದು ಕಿವಿಯಲ್ಲಿ ಕೇಳಿದಳು, "ಅಪ್ಪಂಗೆ ಸಿಟ್ ಬಂದಾಗ ತಂಗೀನ ಆಚೆ ಕರ್ಕೊಂಡು ಓಯ್ತೀನಿ. ಅದು ಕೆಲಸಾನಾ ಮಿಸ್?" ದೊಡ್ಡ ಕೆಲಸ ಎಂದೆ. ಮಕ್ಕಳು ಇಷ್ಟೆಲ್ಲ ಮಾಡಬೇಕೇ ಎಂಬ ಕಸಿವಿಸಿ ನನಗೆ ಈಗಲೂ ಇದೆ. ಆದರೆ ಅವತ್ತು ಅವು ಮೊದಲ ಬಾರಿಗೆ ತಮ್ಮ ಬಗ್ಗೆ ತಾವೇ ಯೋಚಿಸಿ ಬರೆದವು.

ಸಿಂಚನ ಒಂದೂವರೆ ಪುಟ ಬರೆದಳು.

ಭಾನುವಾರ ಮಧ್ಯಾಹ್ನ ಅವರ ಮನೆಯ ಜಗಲಿಯಲ್ಲಿ ಕೂತು ಮಹದೇವನಿಗೆ ಫೋನ್ ಮಾಡಿದೆವು. ಸ್ಪೀಕರ್ ಹಾಕಿದವಳು ಸಿಂಚನಳೇ. ನಾನು ಯಾರೆಂದು ಹೇಳಿದೆ. ಆತ ಮರ್ಯಾದೆಯಿಂದಲೇ ಮಾತಾಡಿದ. "ಸುಮ್ನೆ ಸ್ಕೂಲ್‌ಗೋಗಿ ಏನ್ಮಾಡದು ಮಿಸ್ಸೇ? ಏನೂ ಬರಲ್ಲ ಅಂತಳೆ ನಮ್ಮವ್ವ. ಇಲ್ಲಿ ಚಿಕ್ ಮಗೀನ ನೋಡ್ಕಳರಿಲ್ಲ."

"ಅವಳು ಬರೆದದ್ದು ಒಂದಿದೆ, ಕೇಳಿಬಿಡಿ" ಎಂದೆ. ನಾನು ಅವಳನ್ನು ಹೊಗಳಲಿಲ್ಲ. ತುಟಿ ಕಚ್ಚಿ ಕೂತೆ.

ಸಿಂಚನ ಓದಿದಳು. "ನಾನು ಅಜ್ಜಿಗೆ ಮಾತ್ರೆ ಕೊಡುತ್ತೇನೆ. ಬಿಳಿಯದು ಊಟಕ್ಕೆ ಮುಂಚೆ, ಹಳದಿಯದು ಊಟ ಆದ ಮೇಲೆ. ಚೀಟಿ ಓದಿ ಕೊಡುತ್ತೇನೆ. ಭಾನುವಾರ ಚೆಂಡುಹೂವಿನ ಹೊಲ ಕಾಯುತ್ತೇನೆ. ಕೇರಳದವರು ಕಾರು ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಹೂ ಕಿತ್ತರೆ, ಚೇಚಿ, ಪೂವು ಪರಿಕ್ಕಲ್ಲೇ, ಅನ್ನುತ್ತೇನೆ. ಅಕ್ಕ, ಹೂ ಕೀಳಬೇಡಿ, ಎಂದು. ಸಿಟ್ಟಿನಿಂದ ಹೇಳಿದರೆ ಅವರು ಕೇಳಲ್ಲ. ನಗುತ್ತ ಹೇಳಿದರೆ ಕೇಳುತ್ತಾರೆ. ಮೊದಲು ನನಗೆ ಹೆದರಿಕೆ ಆಗುತ್ತಿತ್ತು, ಹೊಲದ ಒಳಗೆ ಅಡಗುತ್ತಿದ್ದೆ. ಈಗ ಅಡಗಲ್ಲ. ನಾನು ವಯನಾಡಿನಲ್ಲಿದ್ದಾಗ ಕಲಿತ ಮಾತು ಇಲ್ಲಿ ಕೆಲಸಕ್ಕೆ ಬಂತು."

ಎಲ್ಲೂ ತಡವರಿಸಲಿಲ್ಲ.

"ಇದ ಯಾರು ಬರ್ಕೊಟ್ರು ಕಣಮ್ಮಿ?"

"ಯಾರೂ ಇಲ್ಲ ಕಣಪ್ಪ. ನಾನೆ."

"ಅವ್ವಾ," ಎಂದ ಮಹದೇವ, "ಬರೀ ಮೊದ್ದು ಅಂತಿದ್ದಲ್ಲ ನೀನು?"

ಚಿಕ್ಕತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ಮೊದ್ದೆಯಾ ಕಣ್ಲಾ. ಇನ್ನೇನು" ಎಂದರು. ಫೋನಿನ ಹತ್ತಿರ ಬಾಗಿ, "ಆದ್ರೆ ಈ ಮೊದ್ದು ಇಲ್ದಿದ್ರೆ ನಂಗೆ ಮಾತ್ರೆ ಕೊಡರ್ಯಾರ್ಲಾ?" ಎಂದರು.

ಮಹದೇವ ಉಸಿರು ಬಿಟ್ಟದ್ದು ನಮಗೆಲ್ಲ ಕೇಳಿಸಿತು. "ಅಲ್ಲೇ ಇರ್ಲಿ ಬುಡವ್ವ. ಓದ್ಕಳ್ಲಿ. ಮಗೀನ ನಾವೇ ಎಂಗೋ ನೋಡ್ಕತೀವಿ."

ಅಂಥ ನಿರಾಳ ನನಗೆ ನೌಕರಿಯ ಆದೇಶ ಬಂದಾಗಲೂ ಆಗಿರಲಿಲ್ಲ. ಬೇಗೂರಿನ ತನಕ ಬಸ್ಸಿಗೆ ಕಾಯದೆ ನಡೆದೇ ಹೋದೆ. ಅವತ್ತು ಎರಡು ಮುದ್ದೆ ಉಂಡೆ. ಅಮಾವಾಸ್ಯೆಗೆ ಮಹದೇವ ಬಂದ, ಎಡೆ ಇಟ್ಟ, ಕಾಡಿನ ರಸ್ತೆಯ ಗೇಟು ರಾತ್ರಿಗೆ ಮುಚ್ಚುವ ಮೊದಲು ಒಬ್ಬನೇ ಹಿಂದಿರುಗಿದ. ಅವನು ಹೋದ ಮರುದಿನವೂ ಸಿಂಚನ ಎರಡನೇ ಸಾಲಿನಲ್ಲೇ ಕೂತಿದ್ದಳು.

ದಸರಾ ರಜೆಗೆ ಊರಿಗೆ ಬಂದೆ. ರಾತ್ರಿಯಿಡೀ ರೈಲಿನಲ್ಲಿ ಅವ್ವನಿಗೆ ಏನೇನು ಹೇಳಬೇಕು ಎಂದು ಲೆಕ್ಕ ಹಾಕಿದ್ದೆ, ಮನೆಗೆ ಬಂದು ಅವಳ ಎದುರು ಕೂತಾಗ ಒಂದೂ ಹೇಳಲಾಗಲಿಲ್ಲ. ಅವಳು ರೊಟ್ಟಿ ಬಡಿಯುತ್ತಿದ್ದಳು, ನಾನು ಒಲೆಯ ಮುಂದೆ ಕೂತು ಬಿಸಿಬಿಸಿಯಾಗಿ ತಿನ್ನುತ್ತಿದ್ದೆ. ಪಕ್ಕದ ಮನೆಯ ಶಾಂತಕ್ಕ ಬಂದು ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದರು, "ಏನವ್ವ, ಆ ಮೈಸೂರ ಕಡೆ ಹುಡುಗ್ರು ಭಾಳ ಶಾಣ್ಯಾ ಇರ್ತಾವಂತಲ್ಲ?"

ನನ್ನ ಮಕ್ಕಳ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಹೇಳುವುದು ಎಷ್ಟೋ ಇತ್ತು. ಶಾಂತಕ್ಕ ಕಣ್ಣರಳಿಸಿ ಕಾಯುತ್ತಿದ್ದರು. ನನ್ನ ಬಾಯಿ ತಾನೇ ಆಡಿಬಿಟ್ಟಿತು: "ಎಲ್ಲಿ ಶಾಣ್ಯಾ ಬಿಡ್ರಿ. ಅವಕ್ಕೇನ್ ಬರತೈತಿ. ಬರೇ ಮೊದ್ದು ಅದಾವ."

ಅವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಶಾಂತಕ್ಕ ಹೋದರು. ಆಮೇಲೆ ಅವ್ವ ನನ್ನನ್ನೇ ನೋಡುತ್ತ ಮೆಲ್ಲಗೆ ಹೇಳಿದಳು, "ಹಂಗಾರ ನೀ ಇನ್ನ ಲಗೂನ ವರ್ಗ ಮಾಡಿಸ್ಕೊಂಡು ಈ ಕಡೆ ಬರಾಕಿ ಅಲ್ಲ."

ನಾನು ಅಲ್ಲ ಎನ್ನಲಿಲ್ಲ. ಅವಳು ಇನ್ನೊಂದು ರೊಟ್ಟಿ ಹಾಕಿದಳು.