ಹಸಿರು ಗೆರೆಯಲ್ಲಿ ಲೈಸೆನ್ಸಮ್ಮನ ಪಾಲು

ಕಂಪನಿಯಲ್ಲಿ ಎಲ್ಲರೂ ಆಕೆಯನ್ನು ಲೈಸೆನ್ಸಮ್ಮ ಎಂದೇ ಕರೆಯುತ್ತಿದ್ದರು. ಟಿಕೆಟ್ ಕಾಯ್ದಿರಿಸುವ ತಂತ್ರಾಂಶ ಮಾಡುವ ಕಂಪನಿ ಅದು. ಆ ತಂತ್ರಾಂಶದಲ್ಲಿ ಅರ್ಧಕ್ಕರ್ಧ ಓಪನ್ ಸೋರ್ಸ್, ಅಂದರೆ ಎಲ್ಲೆಲ್ಲಿಯವರೋ ಸೇರಿ ಬರೆದು, ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳಲಿ ಎಂದು ಬಿಟ್ಟ ಕೋಡ್. ಅದನ್ನು ಯಾವ ಲೈಸೆನ್ಸಿನ ಷರತ್ತಿನ ಮೇಲೆ ಒಳಗೆ ತರಬೇಕು, ತಮ್ಮವರು ಮಾಡಿದ ತಿದ್ದುಪಡಿಗಳನ್ನು ಹೊರಗಿನವರಿಗೆ ಹೇಗೆ ಒಪ್ಪಿಸಬೇಕು ಎಂದು ನೋಡಿಕೊಳ್ಳಲು ಒಂದು ಕಚೇರಿಯಿತ್ತು. ಅದಕ್ಕೆ ಆಕೆಯೇ ಮುಖ್ಯಸ್ಥೆ, ಆಕೆಯೇ ಗುಮಾಸ್ತೆ. ಪ್ರಿಂಟರ್ ಕೋಣೆಯ ಪಕ್ಕ ಒಂದು ಮೇಜು, ಒಂದು ಬೀರು, ಒಂಬತ್ತು ವರ್ಷದ ಸೇವೆ.

ಎದುರಿನ ಗಾಜಿನ ಕೋಣೆಯಲ್ಲಿ ಭದ್ರತಾ ವಿಭಾಗದ ಮುಖ್ಯಸ್ಥ ಕೂರುತ್ತಿದ್ದ. ಒಂದು ಕಾಲಕ್ಕೆ ಆಕೆಯ ಕೈಕೆಳಗೇ ಪಳಗಿದವನು. ಕಂಡದ್ದನ್ನೆಲ್ಲ ಅಳೆಯುವ ಚಟವಿದ್ದುದರಿಂದ ಮೀಟರ್ ಎಂಬ ಅಡ್ಡಹೆಸರು. ಅವನ ಗೋಡೆಯ ಮೇಲೆ ಬಾಗಿಲಗಲದ ಪರದೆ, ಪರದೆಯಲ್ಲೊಂದು ಹಸಿರು ಗೆರೆ. ತಂತ್ರಾಂಶದಲ್ಲಿ ಅಪಾಯದ ತೂತು ಕಂಡರೆ ಮುಚ್ಚಲು ಮೊದಲು ನಲವತ್ತು ದಿನ, ಈಗ ಹತ್ತೇ ದಿನ ಎಂದು ಆ ಗೆರೆ ಸಾರುತ್ತಿತ್ತು. ದೊಡ್ಡ ಸಾಹೇಬರು ಅದರ ಮುಂದೆ ನಿಂತು ಮೀಟರ್‌ನ ಬೆನ್ನು ತಟ್ಟುವರು. ಆ ಸದ್ದಿಗೆ ಲೈಸೆನ್ಸಮ್ಮನ ಹೊಟ್ಟೆಯೊಳಗೆ ಬೆಂಕಿ ಬೀಳುವುದು. ಅವನ ಹೊಸ ಕುರ್ಚಿ ಕಂಡರೂ ಉರಿ, ಅವನು ನಕ್ಕರೂ ಉರಿ.

ಒಂದು ದಿನ ಸಾಹೇಬರು ಆಕೆಯ ಮೇಜಿನ ಬಳಿಗೇ ಬಂದರು.

"ನಿಮ್ಮ ಕಚೇರಿಯಿಂದ ಕಂಪನಿಗೇನು ಲಾಭ ಅಂತ ಅಂಕಿಯಲ್ಲಿ ತೋರಿಸಿ ಅಮ್ಮಾ. ಮೀಟರ್ ನೋಡಿ, ಎಷ್ಟು ಚೆನ್ನಾಗಿ ತೋರಿಸ್ತಾನೆ! ತಿಂಗಳ ಕೊನೆಗೂ ಆಗಲಿಲ್ಲ ಅಂದ್ರೆ ನಿಮ್ಮನ್ನ ಅವನ ವಿಭಾಗಕ್ಕೇ ಸೇರಿಸಿಬಿಡೋಣ."

ಅವನ ವಿಭಾಗಕ್ಕೆ! ಅದಕ್ಕಿಂತ ಮೆಟ್ಟಿಲ ಮೇಲೆ ಕೂತು ಕೆಲಸ ಮಾಡಿಯಾಳು.

ಕಣ್ಣು ಕುಕ್ಕುವ ಅಂಕಿಯನ್ನೇ ಆಕೆ ಮೊದಲು ಹುಡುಕಿದಳು. ಕಂಪನಿ ಹೊರಗಿಟ್ಟ ಕೋಡನ್ನು ಮೆಚ್ಚಿ ನಕ್ಷತ್ರದ ಗುರುತು ಒತ್ತಿದವರು ಮೂರು ಸಾವಿರದ ನೂರ ಹನ್ನೆರಡು ಮಂದಿ. ಬೆಳಿಗ್ಗೆ ಅದನ್ನು ಗಂಡನಿಗೆ ತೋರಿಸಿದಳು. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್.

"ಇದರಿಂದ ನಿಮ್ಮವರಿಗೇನಾಯ್ತು?" ಎಂದು ಕೇಳಿದ.

"ಏನೂ ಇಲ್ಲ ರೀ. ನೋಡೋಕೆ ದೊಡ್ಡದು, ಅಷ್ಟೇ."

ಅವನು ಶೂ ಕಟ್ಟಿಕೊಳ್ಳುತ್ತ ಹೇಳಿದ: "ನಮ್ಮಲ್ಲೂ ಕೆಟ್ಟು ನಿಂತ ಬಸ್ಸನ್ನಷ್ಟೇ ಬರ್ಕೊಳ್ತಿದ್ರು. ನಿಲ್ಲದೇ ಓಡಿದ್ದು ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ವಾರವಾರ ತಪಾಸಣೆ ಶುರು ಮಾಡೋಕೆ ಮುಂಚೆ ಎಷ್ಟು ನಿಂತಿದ್ವು, ಆಮೇಲೆ ಎಷ್ಟು ಅಂತ ಪಕ್ಕಪಕ್ಕ ಬರೆದು ತೋರಿಸಿದ ಮೇಲೇ ನಮಗೆ ಮರ್ಯಾದೆ ಬಂದಿದ್ದು. ನೀನೂ ಮುಂಚೆ ಏನಿತ್ತು ನೋಡೇ."

ಆಕೆ ಹಳೆಯ ದಾಖಲೆಗಳನ್ನು ಕೆದಕಿದಳು. ಮೊದಲು ಕಂಪನಿಯವರು ಮಾಡಿಕೊಂಡ ತಿದ್ದುಪಡಿಗಳೆಲ್ಲ ಕಂಪನಿಯೊಳಗೇ ಉಳಿಯುತ್ತಿದ್ದವು. ಹೊರಗಿನಿಂದ ಹೊಸ ಆವೃತ್ತಿ ಬಂದಾಗಲೆಲ್ಲ ಅವನ್ನು ಒಂದೊಂದಾಗಿ ಮತ್ತೆ ಹೊಲಿಯಬೇಕು. ಅದಕ್ಕೇ ಮೂವತ್ತು ದಿನ. ಎರಡು ವರ್ಷ ಬೇಡಿ, ಕಾಡಿ, ವಾದಿಸಿ ಅವೆಲ್ಲವನ್ನೂ ಹೊರಗಿನವರು ಒಪ್ಪುವಂತೆ ಮಾಡಿದ್ದು ಈಕೆ. ಈಗ ಅವು ಹೊಸ ಆವೃತ್ತಿಯ ಜೊತೆಗೇ ಬರುವುದರಿಂದ ಎರಡೇ ದಿನ ಸಾಕು. ತನ್ನ ಗೆರೆ ಎಳೆದು ನೋಡಿದರೆ, ಅದು ಇಳಿದ ತಿಂಗಳಲ್ಲೇ ಮೀಟರ್‌ನ ಹಸಿರು ಗೆರೆಯೂ ಇಳಿದಿತ್ತು! ಹೊಸ ಆವೃತ್ತಿ ಒಳಗೆ ಬಂದರೆ ತಾನೆ ತೂತು ಮುಚ್ಚುವುದು?

"ಕಳ್ಳ ನನ್ನ ಮಗ," ಎಂದು ಬಾಯಿಬಿಟ್ಟೇ ಅಂದಳು. ಆ ವಾರವೆಲ್ಲ ಊಟ ರುಚಿಸಿತು.

ತಿಂಗಳ ಕೊನೆಯ ಸಭೆಯ ದಿನ ಎರಡು ಗೆರೆಗಳನ್ನೂ ಒಂದೇ ಪರದೆಯ ಮೇಲಿಟ್ಟು, "ಈ ಹಸಿರು ಗೆರೆ ಯಾಕೆ ಇಳೀತು ಅಂತ ಮೀಟರ್ ಅವರೇ ಹೇಳಲಿ," ಎಂದಳು.

ಮೀಟರ್ ಎದ್ದು ಪರದೆಯ ಹತ್ತಿರ ಹೋಗಿ ನೋಡಿದ.

"ನಲವತ್ತರಿಂದ ಹತ್ತಕ್ಕೆ ಇಳಿದ ಮೂವತ್ತು ದಿನದಲ್ಲಿ ಇಪ್ಪತ್ತೆಂಟು ಮೇಡಂ ಉಳಿಸಿದ್ದು ಸರ್. ಇಬ್ಬರೂ ಸೇರಿ ವರದಿ ಮಾಡೋಣ, ನಿಮ್ಮ ಅಂಕಿ ಕೊಡಿ ಅಂತ ಮೂರು ಸಲ ಮೇಲ್ ಹಾಕಿದ್ದೆ ಮೇಡಂ. ನೀವು ಉತ್ತರಾನೇ ಕೊಡಲಿಲ್ಲ."

ಅವನಿಂದ ಬಂದ ಮೇಲ್‌ಗಳನ್ನೆಲ್ಲ ತೆರೆಯದೆ ಒಂದು ಕಡೆ ತಳ್ಳಿ, ಆ ಜಾಗಕ್ಕೆ 'ಜಂಬ' ಎಂದು ಹೆಸರಿಟ್ಟಿದ್ದವಳು ಆಕೆಯೇ.

"ಎಂಥ ದೊಡ್ಡ ಮನಸ್ಸಪ್ಪಾ ನಿಂದು!" ಎಂದರು ಸಾಹೇಬರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನಿಗೆ!

ಕಚೇರಿ ಉಳಿಯಿತು. ಸಹಾಯಕ್ಕೆ ಇನ್ನೊಬ್ಬಳನ್ನು ಕೊಡುವುದೆಂದೂ ತೀರ್ಮಾನವಾಯಿತು. ಅವತ್ತು ಮಧ್ಯಾಹ್ನ ಲೈಸೆನ್ಸಮ್ಮ ಆ ಮೂರೂ ಮೇಲ್‌ಗಳನ್ನು ಓದಿದಳು. ಎರಡನೆಯದರಲ್ಲಿ, 'ಇದನ್ನೆಲ್ಲ ಅಳೆಯಬಹುದು ಅಂತ ಹೇಳಿಕೊಟ್ಟವರೇ ನೀವು,' ಎಂದಿತ್ತು. ಮೇಲೆದ್ದು ಗಾಜಿನ ಕೋಣೆಗೆ ಹೋದಳು.

"ನಿನ್ನ ಮೇಲ್ ಓದಿರಲಿಲ್ಲಪ್ಪ. ಬೇಕಂತಲೇ."

"ಹೋಗಲಿ ಬಿಡಿ ಮೇಡಂ. ಕೂತ್ಕೊಳ್ಳಿ, ವರದಿ ಶುರು ಮಾಡೋಣ."

ಅವನ ಮುಖದಲ್ಲಿ ಎಳ್ಳಷ್ಟಾದರೂ ಕೊಂಕು ಇದೆಯೇ ಎಂದು ಆಕೆ ದಿಟ್ಟಿಸಿದಳು. ಇದ್ದಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಇರಲಿಲ್ಲ.

ಮುಂದಿನ ತಿಂಗಳು ವರದಿ ಹೊರಬಂತು. ಮೇಲೆ ಆಕೆಯ ಹೆಸರು, ಕೆಳಗೆ ಅವನದು. ಆಕೆಯ ಹೆಸರನ್ನು ಮೇಲೆ ಹಾಕಿಸಿದ್ದು ಮೀಟರೇ ಎಂದು ಸಾಹೇಬರು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದರು.